ಮೋರಿ ಇಂಜಿನಿಯರ್

ನಮ್ಮ ಮನೆಗೂ ರಾಯರ ಮನೆಗೂ ನಡುವೆ ಇರೋದು ನಾಲ್ಕೂವರೆ ಅಡಿ ಕಾಂಪೌಂಡ್ ಗೋಡೆ. ಜಯನಗರ ನಾಲ್ಕನೇ ಟಿ ಬ್ಲಾಕಿನಲ್ಲಿ ಇಷ್ಟು ತಗ್ಗು ಗೋಡೆ ಈಗ ಅಪರೂಪ. ಉಳಿದವರೆಲ್ಲ ಎತ್ತರಿಸಿ ಮೇಲೆ ಗಾಜಿನ ಚೂರು ನೆಟ್ಟರು. ನಾವಿಬ್ಬರು ಎತ್ತರಿಸಲಿಲ್ಲ. ಸ್ನೇಹ ಒಂದು ಕಾರಣ. ಎತ್ತರಿಸುವ ಖರ್ಚು ಯಾರದು ಅನ್ನೋದು ಇಪ್ಪತ್ತು ವರ್ಷದಿಂದ ಇತ್ಯರ್ಥವಾಗದೆ ಉಳಿದಿರೋದು ಇನ್ನೊಂದು. ಅದರ ಮೇಲೆ ಕಾಫಿ ಲೋಟ ಇಡಬಹುದು, ದಾಸವಾಳದ ಬುಟ್ಟಿ ಇಡಬಹುದು, ಮೊಣಕೈ ಊರಿ ಗಂಟೆಗಟ್ಟಲೆ ನಿಲ್ಲಬಹುದು. ಕಾವೇರಿ ನೀರು ಬಿಡುವ ದಿನ ಬೆಳಿಗ್ಗೆ ಆರಕ್ಕೆ ನಾವಿಬ್ಬರೂ ಗೋಡೆ ಹತ್ತಿರ ಹಾಜರು. ಸಂಪಿಗೆ ನೀರು ಬೀಳೋ ಸದ್ದು ಕೇಳಿಸುತ್ತಿದ್ದರೆ ಲೋಕದ ಯಾವ ವಿಷಯವನ್ನಾದರೂ ಸಮಾಧಾನವಾಗಿ ಮಾತಾಡಬಹುದು.

ಅವತ್ತು ರಾಯರಿಗೆ ಮಾತ್ರ ಸಮಾಧಾನ ಇರಲಿಲ್ಲ.

"ಮೇಷ್ಟ್ರೇ, ಪುಟ್ಟಿಗೆ ಎಲ್ಲಾದ್ರೂ ಹೇಳಿ ಇಡಿ. ನಿಮ್ಮ ಶಿಷ್ಯರು ಎಲ್ಲೆಲ್ಲೋ ದೊಡ್ಡ ದೊಡ್ಡ ಜಾಗದಲ್ಲಿದಾರೆ."

ಇದ್ದಾರೆ, ನಿಜ. ಮೂವತ್ತೆರಡು ವರ್ಷ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳಿದ್ದೇನೆ. ಆದರೆ ಅವರೆಲ್ಲ ಒಂದೇ ಜಾಗದಲ್ಲಿದ್ದಾರೆ, ಕಂಪ್ಯೂಟರ್ ಮುಂದೆ. ಪುಟ್ಟಿ ಓದಿರೋದು ಎನ್ವಿರಾನ್ಮೆಂಟಲ್ ಇಂಜಿನಿಯರಿಂಗ್. ಮೈಸೂರಿನ ಎಸ್‌ಜೆಸಿಇಯಲ್ಲಿ ನಾಲ್ಕು ವರ್ಷ ಹಾಸ್ಟೆಲ್‌ನಲ್ಲಿದ್ದು ಬಂದಿದ್ದಾಳೆ. ಒಳ್ಳೇ ಅಂಕ. ಮನೆಗೆ ಬಂದು ಎಂಟು ತಿಂಗಳಾಯಿತು. ಲ್ಯಾಪ್‌ಟಾಪಿಗೂ ಅವಳಿಗೂ ಬಿಡಿಸಲಾರದ ನಂಟು ಬೆಳೆದಿದೆ, ಕೆಲಸ ಮಾತ್ರ ಆಗಿಲ್ಲ.

ರಾಯರ ಕಷ್ಟ ಇನ್ನೊಂದು. ಛತ್ರದಲ್ಲಿ ಯಾರಾದರೂ ಸಿಕ್ಕಿ "ಮಗಳು ಏನು ಓದ್ತಿದಾಳೆ?" ಅಂದರೆ ಇವರು ಹೇಳಬೇಕು, ಕೇಳಿದವರು ಅರ್ಥ ಮಾಡಿಕೊಳ್ಳಬೇಕು. ಒಬ್ಬರು "ಓ, ಗಿಡ ನೆಡೋದಾ, ಬಹಳ ಪುಣ್ಯದ ಕೆಲಸ" ಅಂದರಂತೆ. ಇನ್ನೊಬ್ಬರು "ಹಾಗಾದ್ರೆ ಫಾರೆಸ್ಟ್ ಡಿಪಾರ್ಟ್‌ಮೆಂಟು" ಅಂತ ತೀರ್ಮಾನ ಮಾಡಿದರು. ಮೂರನೆಯವರು, ರಾಯರ ಷಡ್ಡಕ, ಎಲೆ ಮೇಲಿನ ಚಿರೋಟಿ ಮುರಿಯುತ್ತಾ, "ಅದು ಮೋರಿ ಇಂಜಿನಿಯರಿಂಗ್ ಅಲ್ವೇನೋ?" ಅಂದುಬಿಟ್ಟರು. ಮೂವರಲ್ಲಿ ಸರಿಯಾಗಿ ಹೇಳಿದವರು ಷಡ್ಡಕರೇ. ರಾಯರಿಗೆ ಸಿಟ್ಟು ಬಂದಿರೋದೂ ಅವರ ಮೇಲೇ.

ನನಗೆ ಇದರಲ್ಲಿ ಸ್ವಲ್ಪ ಪಾಪಭಾರ ಇದೆ. ಸಿಇಟಿ ಕೌನ್ಸೆಲಿಂಗ್ ಹೊತ್ತಿನಲ್ಲಿ ಇದೇ ಗೋಡೆ ಹತ್ತಿರ ಅಪ್ಪ ಮಗಳು ಇಬ್ಬರೂ ಬಂದು ಕೇಳಿದ್ದರು. ಕಂಪ್ಯೂಟರ್ ಸೈನ್ಸ್ ಬೇಕಾದರೆ ಕಾಲೇಜು ಸುಮಾರು, ಕಾಲೇಜು ಒಳ್ಳೇದು ಬೇಕಾದರೆ ಬ್ರಾಂಚು ಇದು. ನಾನು ಟವಲ್ಲಿನಲ್ಲಿ ಕೈ ಒರೆಸಿಕೊಂಡು "ಮುಂದೆ ಬಹಳ ಸ್ಕೋಪ್ ಇದೆ" ಅಂದೆ. ಸ್ಕೋಪ್ ಇದೆ ಅನ್ನೋದು ಮೇಷ್ಟ್ರುಗಳ ಬಾಯಲ್ಲಿ ಬರೋ ದೀರ್ಘಸುಮಂಗಲೀ ಭವ ಇದ್ದ ಹಾಗೆ. ಕೊಡೋರಿಗೆ ಖರ್ಚಿಲ್ಲ, ಪಡೆದೋರು ಲೆಕ್ಕ ಕೇಳೋಕೆ ಬರಲ್ಲ. ಈ ಹುಡುಗಿ ಗೋಡೆಯಾಚೆಗೇ ಇದ್ದದ್ದರಿಂದ ಲೆಕ್ಕ ಕೇಳೋಕೆ ಬಂದಳು.

"ಅಂಕಲ್, ಆ ಸ್ಕೋಪ್ ಎಲ್ಲಿದೆ ಅಂತ ವಿಳಾಸ ಕೊಟ್ಟಿದ್ರೆ ಚೆನ್ನಾಗಿತ್ತು."

ಪರಿಸರ ಅನ್ನೋ ವಿಷಯಕ್ಕೆ ನಮ್ಮಲ್ಲಿ ಮರ್ಯಾದೆ ಕಡಿಮೆಯೇನಿಲ್ಲ, ನೋಡಿ. ಶಾಲೆಯಿಂದ ಕಾಲೇಜಿನವರೆಗೆ ಎಲ್ಲರೂ ಪರಿಸರ ಪಾಠ ಓದಲೇಬೇಕು ಅಂತ ಎಂ.ಸಿ. ಮೆಹ್ತಾ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟೇ 1991ರಲ್ಲಿ ಹೇಳಿತು. ಹಾಗಾಗಿ ಸಿವಿಲ್, ಮೆಕ್ಯಾನಿಕಲ್, ಕಂಪ್ಯೂಟರ್ ಅನ್ನದೆ ಪ್ರತಿಯೊಬ್ಬ ಇಂಜಿನಿಯರಿಂಗ್ ಹುಡುಗನೂ ಆ ಒಂದು ಪೇಪರ್ ಬರೆಯುತ್ತಾನೆ. ಹಿಂದಿನ ರಾತ್ರಿ ಓದಿ, ಮರುದಿನ ಬರೆದು, ಸಂಜೆಗೆ ಮರೆಯುತ್ತಾನೆ. ಅದನ್ನು ಮರೆಯದೆ ನಾಲ್ಕು ವರ್ಷ ಓದಿದವಳಿಗೆ ಕೆಲಸವಿಲ್ಲ.

ಪುಟ್ಟಿ ಕೆಲಸ ಹುಡುಕಿದ ಕಥೆಯನ್ನು ನಾನು ಕಂತು ಕಂತಾಗಿ ಕೇಳಿದ್ದೇನೆ, ನೀರು ಬಿಟ್ಟ ದಿನಕ್ಕೊಂದು ಕಂತು.

ಮೊದಲನೇದು ಬೊಮ್ಮಸಂದ್ರದ ಒಂದು ಕಾರ್ಖಾನೆ. 2025ರ ಆಗಸ್ಟಿನಲ್ಲಿ ಹಳದಿ ಮೆಟ್ರೊ ಶುರುವಾಯಿತಲ್ಲ, ಆರ್.ವಿ. ರೋಡಿನಲ್ಲಿ ಹತ್ತಿದರೆ ರಾಗಿಗುಡ್ಡ, ಜಯದೇವ, ಬಿಟಿಎಂ, ಸಿಲ್ಕ್ ಬೋರ್ಡ್ ಎಲ್ಲ ತಲೆ ಮೇಲಿಂದಲೇ ದಾಟಿಸಿ ಬೊಮ್ಮಸಂದ್ರಕ್ಕೆ ಬಿಡುತ್ತೆ. "ಇಂಟರ್‌ವ್ಯೂಗಿಂತ ಮೆಟ್ರೊ ಚೆನ್ನಾಗಿತ್ತು ಅಂಕಲ್" ಅಂದಳು. ಅವರಿಗೆ ಬೇಕಾಗಿದ್ದು ಇಎಚ್‌ಎಸ್ ಇಂಜಿನಿಯರ್. ಪರಿಸರ, ಆರೋಗ್ಯ, ಸುರಕ್ಷತೆ ಮೂರಕ್ಕೂ ಸೇರಿ ಒಂದೇ ತಲೆ. ಕೊಳೆ ನೀರಿನ ಇಟಿಪಿ ನೋಡಿಕೊಳ್ಳಬೇಕು, ಹೆಲ್ಮೆಟ್ ಹಾಕದ ಕಾರ್ಮಿಕರನ್ನು ಬೈಯಬೇಕು, ಕ್ಯಾಂಟೀನಿನ ಸಾಂಬಾರು ರುಚಿ ನೋಡಬೇಕು, ಜೂನ್ 5ಕ್ಕೆ ಎಂಡಿ ಕೈಲಿ ಸಸಿ ನೆಡಿಸಿ ಫೋಟೋ ತೆಗೆಸಬೇಕು. "ಫ್ರೆಶರ್ ಬೇಕು, ಆದ್ರೆ ಎರಡು ವರ್ಷ ಅನುಭವ ಇರಬೇಕು" ಅಂದರಂತೆ. ಗಂಡು ಬ್ರಹ್ಮಚಾರಿಯಾಗಿರಬೇಕು, ಮಕ್ಕಳನ್ನ ಸಾಕಿ ಗೊತ್ತಿರಬೇಕು ಅಂದ ಹಾಗಾಯಿತು. ಕೊನೆಯಲ್ಲಿ ಒಬ್ಬರು ಬಹಳ ಕಳಕಳಿಯಿಂದ ಕೇಳಿದರು, "ನೀವು ಹುಡುಗಿ, ನಿಮಗೆ ವಾಸನೆ ಆಗುತ್ತಾ?"

"ನೀನೇನಂದೆ?"

"ಹುಡುಗರಿಗೆ ಮೂಗಿರಲ್ವಾ ಸಾರ್ ಅಂದೆ. ಆಮೇಲೆ ಅವರು ಫೋನ್ ಮಾಡಲಿಲ್ಲ."

ಎರಡನೇ ಕಂತು ಬಿಟಿಎಂ ಲೇಔಟಿನದು. ಕೆಳಗೆ ಬಿರಿಯಾನಿ ಹೋಟೆಲು, ಮಧ್ಯೆ ಹುಡುಗರ ಪಿಜಿ, ಅದರ ಮೇಲೆ ಪರಿಸರ ಸಲಹೆಗಾರರ ಆಫೀಸು. ಗಣಿಯೋ, ಕಾರ್ಖಾನೆಯೋ, ದೊಡ್ಡ ಅಪಾರ್ಟ್‌ಮೆಂಟೋ ಬರೋ ಮುಂಚೆ ಅದರಿಂದ ಸುತ್ತಲಿಗೆ ಏನಾಗುತ್ತೆ ಅಂತ ವರದಿ ಬರೆದುಕೊಡೋದು ಇವರ ಕಸುಬು. 2006ರ ಅಧಿಸೂಚನೆ ಪ್ರಕಾರ ಇಂಥ ವರದಿ ಇಲ್ಲದೆ ದೊಡ್ಡ ಯೋಜನೆಗೆ ಒಪ್ಪಿಗೆ ಇಲ್ಲ. ಸರಿಯಾಗಿ ಮಾಡಿದರೆ ಬಹಳ ಒಳ್ಳೇ ಕೆಲಸ. ಮಳೆಗಾಲ ಬಿಟ್ಟು ಒಂದು ಋತು, ಅಂದರೆ ಮೂರು ತಿಂಗಳು, ಆ ಊರಿನ ಗಾಳಿ, ನೀರು, ಮಣ್ಣು, ಸದ್ದು ಎಲ್ಲ ಅಳೆಯಬೇಕು. ಮರ ಎಣಿಸಬೇಕು, ಹಕ್ಕಿ ಗುರುತಿಸಬೇಕು, ಊರಿನವರ ಮಾತು ಕೇಳಬೇಕು. ಬೆಂಗಳೂರಲ್ಲಿ ಇದನ್ನು ನಿಯತ್ತಾಗಿ ಮಾಡೋರೂ ಇದ್ದಾರೆ. ಪುಟ್ಟಿ ಹೋದ ಆಫೀಸಿನಲ್ಲಿ ಅವಳ ಕೈಗೆ ಒಂದು ಹಳೇ ವರದಿ ಕೊಟ್ಟು, ಊರಿನ ಹೆಸರು ಬದಲಾಯಿಸು ಅಂದರು.

"ಎರಡು ತಿಂಗಳು ಅದನ್ನೇ ಮಾಡಿದೆ ಅಂಕಲ್. ಒಂದಿನ ನೋಡ್ತೀನಿ, ತುಮಕೂರು ಕಡೆಯ ಕಲ್ಲು ಕ್ವಾರಿ ವರದಿಯಲ್ಲಿ ಸಮುದ್ರದ ಏಡಿ ಕೂತಿದೆ."

"ಏನ್ಮಾಡಿದೆ?"

"ಏಡೀನ ಎತ್ತಿ ಸಮುದ್ರಕ್ಕೆ ಬಿಟ್ಟು, ನಾನೂ ಬಿಟ್ಟು ಬಂದೆ."

ರಾಯರು ಇದನ್ನು ನಂಬಲಿಲ್ಲ. ವರದಿ ಅಂದಮೇಲೆ ನಾಲ್ಕು ಜನ ಓದೋದಿಲ್ಲವೇ ಅಂದರು. ಬ್ಯಾಂಕಿನಲ್ಲಿದ್ದವರು, ಆಡಿಟ್ ಕಂಡವರು, ಹಾಗೆ ಅನ್ನಿಸೋದು ಸಹಜ. ನಾನು ಪೆರಿಫೆರಲ್ ರಿಂಗ್ ರೋಡಿನ ಕಥೆ ನೆನಪು ಮಾಡಿದೆ. ತುಮಕೂರು ರಸ್ತೆಯಿಂದ ಹೊಸೂರು ರಸ್ತೆಗೆ ಊರಿನ ಹೊರಗಿಂದ ಬಳಸಿ ಬರೋ ಆ ರಸ್ತೆಗೆ ಎಷ್ಟು ಮರ ಕಡಿಯಬೇಕು ಅನ್ನೋ ಲೆಕ್ಕ ಮೊದಲು ನೂರರ ಅಳತೆಯಲ್ಲಿತ್ತು. ಬರಬರುತ್ತಾ 16 ಸಾವಿರ ದಾಟಿತು. 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಮತ್ತೆ ಅಧ್ಯಯನ ಮಾಡಿ ಅಂತ ಹೇಳಬೇಕಾಯಿತು. ಮರ ಅಂದರೆ ಕಾಣಿಸದೆ ಇರೋ ವಸ್ತುವಲ್ಲ. ನಿಂತ ಕಡೆ ನಿಂತಿರುತ್ತೆ, ಎಣಿಸೋರು ಬೇಕು ಅಷ್ಟೇ.

"ಅದಕ್ಕೇ ನಾನು ಹೇಳೋದು, ಸರ್ಕಾರಿ ಕೆಲಸ ನೋಡು ಅಂತ" ಅಂದರು ರಾಯರು. ಅವರ ಮನಸ್ಸೆಲ್ಲ ಚರ್ಚ್ ಸ್ಟ್ರೀಟಿನ ಪರಿಸರ ಭವನದ ಮೇಲೆ. ಮಾಲಿನ್ಯ ನಿಯಂತ್ರಣ ಮಂಡಳಿ 1974ರಿಂದ ಇದೆ, ಸಹಾಯಕ ಪರಿಸರ ಅಧಿಕಾರಿ ಅನ್ನೋ ಹುದ್ದೆ ಇದೆ. ಬಾಗಿಲಿಗೆ ಜೀಪು ಬಂದು ನಿಲ್ಲೋದು ರಾಯರ ಕಣ್ಣಿಗೆ ಕಟ್ಟಿದ ಹಾಗಿದೆ. ಆದರೆ ಸರ್ಕಾರಿ ಹುದ್ದೆಗೆ ಕಾಯೋದು ಅಂದರೆ ಮಳೆ ನಕ್ಷತ್ರಕ್ಕೆ ಕಾಯೋದಕ್ಕಿಂತ ಕಷ್ಟ. ಆರಿದ್ರೆಯಾದರೂ ವರ್ಷಕ್ಕೊಂದು ಸಲ ಬರುತ್ತೆ. ನಗರಸಭೆಗಳಲ್ಲೂ ಪರಿಸರ ಅಭಿಯಂತರ ಅನ್ನೋ ಹುದ್ದೆ ಇದೆ. ಪುಟ್ಟಿಯ ಸೀನಿಯರ್ ಒಬ್ಬಳು ಹಾಗೆ ಒಂದು ಸಣ್ಣ ಊರಿನಲ್ಲಿದ್ದಾಳಂತೆ. ಬೆಳಿಗ್ಗೆ ಐದಕ್ಕೆ ಎದ್ದು ಕಸದ ಗಾಡಿಗಳ ಹಿಂದೆ ಹೋಗ್ತಾಳೆ, ಸಂಜೆ ಒಬ್ಬ ಸದಸ್ಯರು ಫೋನ್ ಮಾಡಿ ನಮ್ಮ ವಾರ್ಡಿಗೆ ಗಾಡಿ ಯಾಕೆ ಬರಲಿಲ್ಲ ಅಂತಾರೆ, ಇನ್ನೊಬ್ಬರು ನಮ್ಮ ವಾರ್ಡಿನಲ್ಲಿ ಗಾಡಿ ಯಾಕೆ ನಿಲ್ಲಿಸಿದ್ರಿ ಅಂತಾರೆ. "ಆದ್ರೂ ಅವಳು ಖುಷಿಯಾಗಿದಾಳೆ. ಊರಿಗೆಲ್ಲ ಗೊತ್ತು ಅವಳು ಯಾರು ಅಂತ" ಅಂದಳು ಪುಟ್ಟಿ. ಆ ಮಾತಿನಲ್ಲಿ ಸ್ವಲ್ಪ ಅಸೂಯೆ ಇತ್ತು.

ಗೇಟ್ ಪರೀಕ್ಷೆ ಬರಿ ಅಂದೆ ನಾನು. 2021ರಿಂದ ಅದರಲ್ಲಿ ಪರಿಸರಕ್ಕೇ ಬೇರೆ ಪೇಪರ್ ಇದೆ. ಮೊದಲಾದರೆ ಇವರೂ ಸಿವಿಲ್‌ನವರ ಜೊತೆ ಕೂತು ಸಿಮೆಂಟು ಕಬ್ಬಿಣದ ಲೆಕ್ಕ ಬಿಡಿಸಬೇಕಿತ್ತು. ಬರೀತೀನಿ ಅಂದಳು. ಹುಡುಗರು ಬರೀತೀನಿ ಅಂದರೆ ಮೇಷ್ಟ್ರು ಅಲ್ಲಿಗೆ ಮಾತು ನಿಲ್ಲಿಸಬೇಕು.

ಈ ಮಧ್ಯೆ ರಾಯರ ದೊಡ್ಡಪ್ಪನ ಮೊಮ್ಮಗಳಿಗೆ ಇಎಸ್‌ಜಿ ಅನಲಿಸ್ಟ್ ಅಂತ ಕೆಲಸ ಸಿಕ್ಕಿತು. ಬಿ.ಕಾಂ. ಓದಿದವಳು. ಸ್ವೀಟ್ ಬಾಕ್ಸ್ ಹಿಡಿದು ಬಂದಿದ್ದಳು, ನನಗೂ ಗೋಡೆ ಮೇಲಿಂದ ಎರಡು ಮೈಸೂರುಪಾಕು ಬಂತು. ಷೇರುಪೇಟೆಯ ದೊಡ್ಡ ಸಾವಿರ ಕಂಪನಿಗಳು ವರ್ಷವರ್ಷವೂ ಎಷ್ಟು ನೀರು ಬಳಸಿದೆವು, ಎಷ್ಟು ಹೊಗೆ ಬಿಟ್ಟೆವು, ಕಸ ಏನು ಮಾಡಿದೆವು ಅಂತ ವರದಿ ಕೊಡಬೇಕು ಅನ್ನೋದನ್ನು ಸೆಬಿ 2022-23ರಿಂದ ಕಡ್ಡಾಯ ಮಾಡಿತು. ಬಿಆರ್‌ಎಸ್‌ಆರ್ ಅಂತ ಅದರ ಹೆಸರು, ಉಚ್ಚಾರ ಮಾಡಿದರೆ ಬಸ್ಸಿನ ಬ್ರೇಕು ಹಾಕಿದ ಹಾಗಿರುತ್ತೆ. ಅಲ್ಲಿಂದ ಈಚೆ ಎಸಿ ರೂಮುಗಳಲ್ಲಿ ಪರಿಸರಕ್ಕೆ ಕುರ್ಚಿ ಸಿಕ್ಕಿದೆ. ಆ ಹುಡುಗಿ ಪಾಪ ಒಳ್ಳೆಯವಳು. "ಎಸ್‌ಟಿಪಿ ಡೇಟಾ ಎಲ್ಲ ನಾನೇ ತುಂಬೋದು, ಆದ್ರೆ ಆ ಕೊಳೆ ನೀರು ಶುದ್ಧ ಮಾಡೋ ಘಟಕ ಹೇಗಿರುತ್ತೆ ಅಂತ ನೋಡಿಲ್ಲ" ಅಂತ ತಾನೇ ನಕ್ಕಳು.

ಅವಳು ಹೋದಮೇಲೆ ಪುಟ್ಟಿ ಹೇಳಿದಳು: "ಅಳೆಯೋರು ನಾವು, ಬರೆಯೋರು ಅವರು. ಬರೆಯೋರಿಗೇ ಸಂಬಳ ಜಾಸ್ತಿ."

"ಬ್ಯಾಂಕಲ್ಲೂ ಹಾಗೇ. ಎಣಿಸೋನು ಕ್ಯಾಷಿಯರ್ರು" ಅಂದರು ರಾಯರು.

ಷಡ್ಡಕರ ಮೋರಿ ಮಾತು ರಾಯರ ಮನಸ್ಸಿನಿಂದ ಹೋಗಿರಲಿಲ್ಲ. ಒಂದು ದಿನ ಅದನ್ನೇ ಎತ್ತಿದಾಗ ನಾನು ಕೇಳಿದೆ: "ರಾಯರೇ, ನಿಮ್ಮ ಹಾಲ್‌ನಲ್ಲಿ ಸರ್ ಎಂವಿ ಫೋಟೋ ಇದೆಯಲ್ಲ, ಅವರು ಯಾವ ಇಂಜಿನಿಯರು?"

"ಇದೇನು ಕೇಳ್ತೀರಿ! ಕನ್ನಂಬಾಡಿ ಕಟ್ಟಿದವರು."

"ಅದಕ್ಕೂ ಮುಂಚೆ?"

ಮುಂಬಯಿ ಸರ್ಕಾರದಲ್ಲಿದ್ದಾಗ ವಿಶ್ವೇಶ್ವರಯ್ಯನವರು ಸ್ಯಾನಿಟರಿ ಇಂಜಿನಿಯರ್ ಆಗಿದ್ದವರು. 1906ರಲ್ಲಿ ಅವರನ್ನು ಏಡನ್‌ಗೆ ಕಳಿಸಿದ್ದು ಅಲ್ಲಿನ ಕುಡಿಯೋ ನೀರು, ಒಳಚರಂಡಿ ನೋಡೋಕೆ. 1908ರಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದ್ ಮುಳುಗಿದಾಗ ನಿಜಾಮರು ಇವರನ್ನು ಕರೆಸಿಕೊಂಡರು. ಪ್ರವಾಹ ತಡೆಯೋ ಉಪಾಯದ ಜೊತೆಗೆ ಆ ಊರಿನ ಚರಂಡಿಯ ಯೋಜನೆಯನ್ನೂ ಹಾಕಿಕೊಟ್ಟು ಬಂದರು. ಪೇಟ, ಕೋಟು, ಟೈ ಎಲ್ಲ ಹಾಕಿಕೊಂಡೇ ಮೋರಿ ವಿಷಯ ಯೋಚನೆ ಮಾಡಿದ ಮಹಾನುಭಾವರು. ನಮ್ಮ ಐದನೇ ಬ್ಲಾಕಿನಲ್ಲಿ ಜಲಮಂಡಳಿಯವರು ಮಳೆನೀರು ಕೊಯ್ಲಿನ ಥೀಮ್ ಪಾರ್ಕ್ ಮಾಡಿ ಅವರ ಹೆಸರಿಟ್ಟಿರೋದು ಸುಮ್ಮನೆ ಅಲ್ಲ. ರಾಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸ್ಯಾನಿಟರಿ ಇಂಜಿನಿಯರ್ರು ಅಂದ್ರೆ ಕೇಳೋಕೆ ಪರವಾಗಿಲ್ಲ" ಅಂದರು. ಮುಂದಿನ ಮದುವೆಗೆ ಷಡ್ಡಕರಿಗೆ ಉತ್ತರ ಸಿದ್ಧವಾಯಿತು ಅಂತ ಕಾಣುತ್ತೆ.

ಹಾಗೆ ನೋಡಿದರೆ ಈ ಊರಿನಷ್ಟು ಮೋರಿ ಇಂಜಿನಿಯರುಗಳಿಗೆ ಕೆಲಸ ಇಟ್ಟಿರೋ ಊರು ಇನ್ನೊಂದಿಲ್ಲ. ನೂರು ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಎತ್ತಿ ತರುತ್ತೇವೆ. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಬಂದು ದಿನಕ್ಕೆ ಇನ್ನೂ 775 ದಶಲಕ್ಷ ಲೀಟರ್ ಸೇರಿಸುವ ಏರ್ಪಾಡಾಯಿತು. ಎಲ್ಲರೂ ಚಪ್ಪಾಳೆ ಹೊಡೆದೆವು. ಆದರೆ ಮನೆಗೆ ಬಂದ ನೀರಿನಲ್ಲಿ ನೂರಕ್ಕೆ 80 ಪಾಲು ಮತ್ತೆ ಮೋರಿಗೇ ಹೋಗುತ್ತೆ ಅನ್ನೋದು ಪುಟ್ಟಿಯ ಪುಸ್ತಕದ ಮೊದಲ ಪಾಠ. ಹೋಗೋ ದಾರಿಯೂ ತಮಾಷೆಯಾಗಿದೆ. ಬಸವನಗುಡಿಯ ಆಚೆ ಬಿದ್ದದ್ದು ವೃಷಭಾವತಿ ಹಿಡಿದು ಪಡುವಲಕ್ಕೆ ಹೋಗುತ್ತೆ. ನಮ್ಮ ಕಡೇದು ಬೈರಸಂದ್ರ, ಮಡಿವಾಳ, ಅಗರ ಅಂತ ಬೆಳ್ಳಂದೂರಿನ ಕಡೆ ಮೂಡಲಕ್ಕೆ ಇಳಿಯುತ್ತೆ. ಆ ಕಣಿವೆಯ ನೀರನ್ನೇ ಶುದ್ಧ ಮಾಡಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಸ್ತಾರೆ. ಎರಡು ಹಂತ ಸಾಲದು, ಮೂರನೇ ಹಂತವೂ ಶುದ್ಧ ಮಾಡಿ ಕೊಡಿ ಅಂತ ಕೋಲಾರದವರು ಕೇಳ್ತಾನೇ ಇದ್ದಾರೆ. ಅಂದರೆ, ನಮ್ಮ ಮನೆಯವಳು ಬೆಳಿಗ್ಗೆ ಸಾರಿನ ಪಾತ್ರೆ ತೊಳೆದ ನೀರು ಕೋಲಾರಕ್ಕೆ ಹೋಗಿ ಬಾವಿ ತುಂಬಿಸಿ, ಟೊಮೆಟೊ ಆಗಿ ನಾಲ್ಕನೇ ಬ್ಲಾಕಿನ ಮಾರ್ಕೆಟಿಗೆ ಬಂದು, ಮತ್ತೆ ನಮ್ಮನೆ ಸಾರಿಗೇ ಬೀಳುತ್ತೆ. ಇದನ್ನು ಹೇಳಿದ ದಿನ ನನಗೆ ಊಟಕ್ಕೆ ಮಜ್ಜಿಗೆಹುಳಿ ಮಾತ್ರ ಸಿಕ್ಕಿತು.

ಪುಟ್ಟಿಗೆ ಕೊನೆಗೂ ಒಂದು ಕೆಲಸ ಸಿಕ್ಕಿತು. ಅಪಾರ್ಟ್‌ಮೆಂಟುಗಳ ಎಸ್‌ಟಿಪಿ ನಡೆಸಿಕೊಡೋ ಸಣ್ಣ ಕಂಪನಿ. ಜೆ.ಪಿ. ನಗರ, ಬನಶಂಕರಿ, ಕನಕಪುರ ರಸ್ತೆ ಸೇರಿ ಒಂಬತ್ತು ಕಟ್ಟಡ ಇವಳ ಪಾಲಿಗೆ. ಸಂಬಳ ಹೇಳಿದಾಗ ರಾಯರು "ಪೆಟ್ರೋಲಿಗಾ?" ಅಂದರು. ಅವಳು ಸೇರಿಯೇಬಿಟ್ಟಳು. ಹದಿನೈದು ದಿನ ಆದಮೇಲೆ "ಬನ್ನಿ ಅಂಕಲ್, ನನ್ನ ಆಫೀಸು ತೋರಿಸ್ತೀನಿ" ಅಂತ ಸ್ಕೂಟಿ ಹಿಂದೆ ಕೂರಿಸಿಕೊಂಡು ಜೆ.ಪಿ. ನಗರ ಏಳನೇ ಫೇಸಿಗೆ ಕರೆದುಕೊಂಡು ಹೋದಳು.

ಆಫೀಸು ಎರಡನೇ ಬೇಸ್‌ಮೆಂಟಿನಲ್ಲಿ, ಕಾರುಗಳ ಕೆಳಗೆ. ಬ್ಲೋಯರ್ ಸದ್ದಿಗೆ ಮಾತು ಕೇಳಲ್ಲ. ಮೂಗು ಮುಚ್ಚಿಕೊಳ್ಳೋಕೆ ಕರ್ಚೀಫ್ ತೆಗೆದಿದ್ದೆ. ಅವಳು ಬೇಡ ಅಂತ ಸನ್ನೆ ಮಾಡಿದಳು. ನಿಜಕ್ಕೂ ನಾತ ಇರಲಿಲ್ಲ. ಮೊದಲ ಮಳೆಗೆ ಅಂಗಳದ ಮಣ್ಣು ಬಿಡುತ್ತಲ್ಲ, ಅದೇ ವಾಸನೆ. ತೊಟ್ಟಿಯ ತುಂಬ ಕಂದು ಬಣ್ಣದ ನೀರು ಕುದಿಯೋ ಹಾಗೆ ಮರಳುತ್ತಿತ್ತು. ಅದರಲ್ಲಿ ಕಣ್ಣಿಗೆ ಕಾಣದ ಕೋಟಿಗಟ್ಟಲೆ ಹುಳ. ಆ ಹುಳಗಳಿಗೆ ನಮ್ಮ ಕೊಳೆಯೇ ಊಟ, ಬ್ಲೋಯರ್‌ದೇ ಉಸಿರು. "ಇದು ಕೊಟ್ಟಿಗೆ ಅಂಕಲ್. ಹೊತ್ತಿಗೆ ಸರಿಯಾಗಿ ಮೇವು ಹಾಕಬೇಕು, ಗಾಳಿ ಆಡಬೇಕು, ಜಾಸ್ತಿಯಾದರೆ ಹೊರಗೆ ಕಳಿಸಬೇಕು. ರಾತ್ರಿ ಕರೆಂಟ್ ಬಿಲ್ ಉಳಿಸ್ತೀವಿ ಅಂತ ಅಸೋಸಿಯೇಷನ್ನೋರು ಬ್ಲೋಯರ್ ಆಫ್ ಮಾಡಿಸಿದ್ರೆ ಬೆಳಿಗ್ಗೆ ಹೊತ್ತಿಗೆ ಉಸಿರುಕಟ್ಟಿ ಸತ್ತಿರ್ತವೆ. ಆಮೇಲೆ ನಾತ ಅಂತ ನನಗೆ ಫೋನ್."

ಒಂದು ಲೀಟರಿನ ಗಾಜಿನ ಅಳತೆ ಕೊಳವೆಯಲ್ಲಿ ಆ ಕಂದು ನೀರು ತುಂಬಿ ಮೇಜಿನ ಮೇಲಿಟ್ಟಳು. ಮೊಬೈಲಿನಲ್ಲಿ 30 ನಿಮಿಷ ಅಲಾರಂ. ಅಷ್ಟರಲ್ಲಿ ಆಪರೇಟರ್ ಹುಡುಗ, ರಾಯಚೂರಿನ ಕಡೆಯವನು, ಮೇಲಿಂದ ಬೈಟು ಕಾಫಿ ತಂದ. ನಮ್ಮ ಕೈಯಲ್ಲಿನ ಲೋಟಕ್ಕೂ ಮೇಜಿನ ಮೇಲಿನ ಕೊಳವೆಗೂ ಬಣ್ಣದಲ್ಲಿ ವ್ಯತ್ಯಾಸ ಇರಲಿಲ್ಲ. ನಾನು ಒಂದು ಸಲ ಖಾತ್ರಿ ಮಾಡಿಕೊಂಡೇ ಕುಡಿದೆ. ಹೊತ್ತು ಹೋದ ಹಾಗೆ ಕೊಳವೆಯ ಕಂದು ಒಟ್ಟುಗೂಡಿ, ಫಿಲ್ಟರಿನ ತಳದಲ್ಲಿ ಕಾಫಿಪುಡಿ ಕೂತ ಹಾಗೆ, ಮೆಲ್ಲಗೆ ಕೆಳಗಿಳಿಯಿತು. ಮೇಲೆ ತಿಳಿ ನೀರು. ಅಲಾರಂ ಹೊಡೆದಾಗ ಕೆಸರಿನ ಗೆರೆ 300ರ ಗುರುತಿನ ಹತ್ತಿರ. "ಹುಳಗಳು ಆರೋಗ್ಯವಾಗಿವೆ" ಅಂತ ರಿಜಿಸ್ಟರಿನಲ್ಲಿ ಬರೆದಳು. ಮಗುವಿನ ತೂಕ ನೋಡಿದ ನರ್ಸಮ್ಮನ ಮುಖ ಅವಳದು.

ನನಗೆ ಗೊತ್ತಿದ್ದ ಒಂದು ವಿಷಯ ಹೇಳಿದೆ, ಮೇಷ್ಟ್ರ ಚಟ. ಈ ಹುಳ ಸಾಕೋ ವಿದ್ಯೆ 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಹುಟ್ಟಿದ್ದು. ಅದನ್ನು ಕಂಡುಹಿಡಿದ ಇಬ್ಬರಿಗೆ ದಾರಿ ತೋರಿಸಿದ ಗಿಲ್ಬರ್ಟ್ ಫೌಲರ್ ಅನ್ನೋರು ಎರಡೇ ವರ್ಷಕ್ಕೆ, 1916ರಲ್ಲಿ, ನಮ್ಮ ಟಾಟಾ ಇನ್‌ಸ್ಟಿಟ್ಯೂಟಿಗೆ ಪ್ರೊಫೆಸರಾಗಿ ಬಂದರು. ಆಗ ಜಯನಗರ ಇನ್ನೂ ಹೊಲ. ಪುಟ್ಟಿ ಪ್ರತಿಯಾಗಿ ತನ್ನದೊಂದು ಹೇಳಿದಳು. ನೀರು ಎಷ್ಟು ಕೊಳೆ ಅಂತ ಅಳೆಯೋ ಬಿಓಡಿ ಪರೀಕ್ಷೆಯನ್ನು ಬಿಳಿಯರ ಪುಸ್ತಕದಲ್ಲಿ 20 ಡಿಗ್ರಿಯಲ್ಲಿ ಐದು ದಿನ ಮಾಡ್ತಾರೆ. ನಮ್ಮಲ್ಲಿ 27 ಡಿಗ್ರಿ, ಮೂರೇ ದಿನ. "ನಮ್ಮ ಸೆಖೆಗೆ ನಮ್ಮ ಹುಳ ಬೇಗ ತಿನ್ನುತ್ವೆ ಅಂಕಲ್." ನನಗೆ ಯಾಕೋ ಹೆಮ್ಮೆಯಾಯಿತು.

ವಾಪಸು ಬರುವಾಗ ಮಳೆ. ಮನೆಗೆ ಬಂದು ಹಿತ್ತಲಲ್ಲಿ ನಿಂತು ತಲೆ ಒರೆಸಿಕೊಳ್ಳುತ್ತಿದ್ದೆ. ಪುಟ್ಟಿ ಗೋಡೆಯಾಚೆಯಿಂದ ಕತ್ತು ಚಾಚಿದಳು.

"ಅಂಕಲ್, ಮಳೆ ಬಂದಾಗ ನಿಮ್ಮನೆ ಚೇಂಬರ್ ಯಾಕೆ ಗುಳುಗುಳು ಅನ್ನುತ್ತೆ?"

ಇಲ್ಲಿ ಒಂದು ಹಳೇ ಕಥೆ ಹೇಳಬೇಕು. 2009ರಲ್ಲಿ ಮಳೆಕೊಯ್ಲು ಕಡ್ಡಾಯ ಅಂತ ಕಾನೂನು ಬಂತು. 40-60ರ ಸೈಟಿನ ಹಳೇ ಮನೆಗಳೂ ಮಾಡಿಸಲೇಬೇಕು, ಇಲ್ಲದಿದ್ದರೆ ದಂಡ. ನಾನು ಒಬ್ಬ ಪ್ಲಂಬರನ್ನು ಹಿಡಿದು, ಜಲ್ಲಿ, ಮರಳು, ಇದ್ದಿಲು ತುಂಬಿದ ನೀಲಿ ಡ್ರಮ್ಮು ಇಡಿಸಿ, ಮಹಡಿಯ ಪೈಪು ಅದಕ್ಕೆ ಸೇರಿಸಿ, ಬಂದವರಿಗೆಲ್ಲ ತೋರಿಸಿದೆ. ಮಕ್ಕಳಿಗೆ ಪಾಠದಲ್ಲೂ ಹೇಳಿದೆ: ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಬೆಂಗಳೂರಿಗೆ ವರ್ಷಕ್ಕೆ 970 ಮಿಲಿಮೀಟರಿನ ಆಸುಪಾಸು. 1,200 ಚದರಡಿ ತಾರಸಿ ಇದ್ದರೆ ಹತ್ತಿರ ಹತ್ತಿರ ಒಂದು ಲಕ್ಷ ಲೀಟರ್. 2024ರ ಮಾರ್ಚ್‌ನಲ್ಲಿ ಊರೆಲ್ಲ ಟ್ಯಾಂಕರಿಗೆ ಕಾದಾಗ, ಕುಡಿಯೋ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂದಾಗ, ನಾನು ಆ ಡ್ರಮ್ಮಿನ ಪಕ್ಕ ನಿಂತು ಇಡೀ ಬೀದಿಗೆ ಉಪದೇಶ ಮಾಡಿದ್ದೇನೆ.

ಪುಟ್ಟಿ ಗೇಟು ಸುತ್ತಿ ಬಂದು ಡ್ರಮ್ಮಿನ ಹಿಂದೆ ಬಗ್ಗಿ ನೋಡಿದಳು. ಮೇಲಿಂದ ಪೈಪು ಬಂದಿದೆ, ಡ್ರಮ್ಮಿಗೆ ಇಳಿದಿದೆ. ಡ್ರಮ್ಮಿನ ತಳದಿಂದ ಇನ್ನೊಂದು ಪೈಪು ಹೊರಟು, ಸಂಪಿನ ಕಡೆ ನಾಲ್ಕು ಹೆಜ್ಜೆ ಹೋದಂತೆ ಮಾಡಿ, ಕಣಗಿಲೆ ಗಿಡದ ಹಿಂದೆ ತಿರುಗಿ, ನೇರವಾಗಿ ಒಳಚರಂಡಿಯ ಚೇಂಬರಿಗೆ ಹೋಗಿದೆ. ಹದಿನೈದು ವರ್ಷದಿಂದ ನಾನು ಮಳೆನೀರನ್ನು ಇದ್ದಿಲು ಮರಳಲ್ಲಿ ಶೋಧಿಸಿ, ಸ್ಫಟಿಕದ ಹಾಗೆ ಮಾಡಿ, ಮೋರಿಗೆ ಬಿಡುತ್ತಿದ್ದೆ. ನಮ್ಮ ಬೀದಿಯಲ್ಲಿ ದೊಡ್ಡ ಮಳೆ ಬಂದಾಗ ಮ್ಯಾನ್‌ಹೋಲ್ ಉಕ್ಕುತ್ತಲ್ಲ, ಅದಕ್ಕೆ ನನ್ನದೂ ಅಳಿಲುಸೇವೆ ಇತ್ತು ಅಂತ ಆಯಿತು.

ಶನಿವಾರ ಪುಟ್ಟಿಯೇ ನಿಂತು ಎಲ್ಲ ಮಾಡಿಸಿದಳು. ಮೊದಲ ಮಳೆಯ ಧೂಳು ನೀರು ಹೊರಗೆ ಹೋಗೋಕೆ ಒಂದು ಮುಚ್ಚಳದ ಪೈಪು, ಆಮೇಲಿನದು ಫಿಲ್ಟರಿಗೆ, ಅಲ್ಲಿಂದ ಸಂಪಿಗೆ, ಹೆಚ್ಚಾದದ್ದು ಹಿತ್ತಲ ಇಂಗುಗುಂಡಿಗೆ. ಟೇಪು ಹಿಡಿದು ತಾರಸಿ ಅಳೆದಳು, ಇಳಿಜಾರು ನೋಡಿದಳು, ಕಾಗದದ ಮೇಲೆ ನಕ್ಷೆ ಬರೆದಳು. ಪ್ಲಂಬರ್ ಒಂದು ಕಡೆ ಎಲ್ಬೋ ತಿರುಗುಮುರುಗಾಗಿ ಹಾಕಿದಾಗ ಬಿಚ್ಚಿಸಿ ಮತ್ತೆ ಹಾಕಿಸಿದಳು. ಮಂಗಳವಾರ ರಾತ್ರಿ ಬಿದ್ದ ಮಳೆಗೆ ನಮ್ಮ ಸಂಪಿನಲ್ಲಿ ಕಾವೇರಿ ಬಿಟ್ಟ ದಿನದ್ದೇ ಸದ್ದು. ನಾನು ಎದ್ದು ಹೋಗಿ ಟಾರ್ಚ್ ಹಾಕಿ ನೋಡಿ ಬಂದೆ, ಎರಡು ಸಲ.

ಬುಧವಾರ ಬೆಳಿಗ್ಗೆ ವಾಟ್ಸಾಪಿಗೆ ಒಂದು ಕಾಗದ ಬಂತು. ಸ್ಥಳ ಪರಿಶೀಲನೆ, ವಿನ್ಯಾಸ, ಮೇಲ್ವಿಚಾರಣೆ: ರೂ. 2,500.

ನಾನು ಗೋಡೆ ಹತ್ತಿರ ಹೋದೆ. "ಏನಮ್ಮ ಇದು?"

"ಬಿಲ್ಲು ಅಂಕಲ್."

ರಾಯರ ಕೈಯಲ್ಲಿದ್ದ ಕಾಫಿ ತುಳುಕಿತು. "ಮೇಷ್ಟ್ರ ಹತ್ರ ದುಡ್ಡು ಕೇಳೋದಾ! ಎತ್ತಿ ಆಡಿಸಿದವರು ಕಣೇ!"

"ಪ್ಲಂಬರಿಗೆ ಅಂಕಲ್ ಕೇಳಿದಷ್ಟು ಕೊಟ್ರು, ಅಪ್ಪ. 2,200. ಅವನನ್ನೂ ಚಿಕ್ಕೋನಿಂದ ನೋಡಿದಾರೆ."

ಅದೂ ನಿಜ. ನಾನು 2,000ಕ್ಕೆ ಮುಗಿಸು ಅಂತ ಅನ್ನೋಕೆ ಬಾಯಿ ತೆರೆದವನು, ಯಾಕೋ ಆ ಸ್ಕೋಪಿನ ಮಾತು ನೆನಪಾಗಿ, ಕನ್ನಡಕ ಹುಡುಕಿ ಫೋನಿನಲ್ಲಿ ಪೂರ್ತಿ ಹಾಕಿದೆ. ಟಿಂಗ್ ಅಂತ ಅವಳ ಫೋನು ಸದ್ದು ಮಾಡಿತು. "ರಸೀದಿ ಕಳಿಸ್ತೀನಿ ಅಂಕಲ್" ಅಂತ ಹೆಲ್ಮೆಟ್ ಹಾಕಿಕೊಂಡು ಹೊರಟಳು, ಬನಶಂಕರಿಯಲ್ಲಿ ಯಾವುದೋ ಬ್ಲೋಯರ್ ನಿಂತಿತ್ತಂತೆ.

ಸ್ಕೂಟಿ ತಿರುವು ದಾಟಿದ್ದು ಖಾತ್ರಿಯಾದ ಮೇಲೆ ರಾಯರು ಗೋಡೆಗೆ ಇನ್ನೂ ಹತ್ತಿರ ಬಂದರು.

"ಮೇಷ್ಟ್ರೇ, ನಮ್ಮನೆ ಡ್ರಮ್ಮೂ ಅದೇ ಪ್ಲಂಬರ್ ಇಟ್ಟಿದ್ದು. ಆ ಹಳೇ ಸ್ಕೂಟರ್ ಹಿಂದೆ ಇದೆ, ಅವಳು ಇನ್ನೂ ನೋಡಿಲ್ಲ." ಸ್ವಲ್ಪ ಹೊತ್ತು ಯೋಚನೆ ಮಾಡಿದರು. "ನೀವೇನೂ ಹೇಳೋಕೆ ಹೋಗಬೇಡಿ."